ಹೊಸ ನಕ್ಷೆಯಲ್ಲಿ ನಿಮ್ಮ ಪಕ್ಕದ ಅಂಗಡಿ

ವಿಕ್ರೋಳಿ, ಮುಂಬಯಿ

ಬಸಲಿಂಗಪ್ಪನವರಿಗೆ ಟೇಲರ್ ನೀಲವ್ವನ ನಮಸ್ಕಾರ.

ನಮ್ಮ ಹಳೆಯ ಶಾಪಿಂಗ್ ಸೆಂಟರಿನ ಜಾಗ ವಾಣಿಜ್ಯ ವಲಯಕ್ಕೆ ಸೇರಿದರೆ ಮಾತ್ರ ನವೀಕರಣಕ್ಕೆ ಪರವಾನಗಿ ಸಿಗುತ್ತದೆ ಎಂದು ಅಂಗಡಿಕಾರರ ಕಮಿಟಿಯ ಪರವಾಗಿ ನೀವು ಎಲ್ಲರನ್ನೂ ಒಪ್ಪಿಸಿದಿರಿ. ನಿನ್ನೆ ವಾರ್ಡ್ ಆಫೀಸಿನ ವಿಚಾರಣೆಯಲ್ಲಿ ನಾನೊಬ್ಬಳೇ ಎದ್ದು ಬೇಡವೆಂದೆ. ಸಾಹೇಬರು, “ಬಾಯಿ, ಪ್ರಾಬ್ಲೆಮ್ ಕ್ಯಾ ಹೈ?” ಎಂದು ನನ್ನ ತೊಂದರೆ ಕೇಳಿದಾಗ, ಛಾವಣಿ ಸೋರುತ್ತದೆ ಎಂದುಬಿಟ್ಟೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ.

ನಿಜ ಸಂಗತಿ ಬೇರೆ. ಹೊಸ ನಕ್ಷೆಯಲ್ಲಿ ನನ್ನ ಅಂಗಡಿ ಮೆಟ್ಟಿಲ ಹಿಂದೆ ಹೋಗಿದೆ. ನಿಮ್ಮ ಗಡಿಯಾರದ ಅಂಗಡಿ ಶಿವಕುಮಾರಿಯ ಬ್ಯೂಟಿ ಪಾರ್ಲರಿಗೆ ಅಂಟಿಕೊಂಡಿದೆ. ನಿಮ್ಮ ಹೆಂಡತಿ ತೀರಿಕೊಂಡ ಮೇಲೆ, ಚಹಾ ಬಂದಾಗಲೆಲ್ಲ ನೀವು ನಮ್ಮ ಅಂಗಡಿಗಳ ನಡುವಿನ ಗೋಡೆ ತಟ್ಟಿ ನನ್ನನ್ನು ಕರೆಯುತ್ತಿದ್ದಿರಿ. ಇನ್ನು ಯಾರ ಗೋಡೆ ತಟ್ಟುತ್ತೀರಿ? ಶಿವಕುಮಾರಿಯಂತೂ, “ಬಸಲಿಂಗಪ್ಪನೋರು ಇನ್ನ ನನ್ನ ಬಾಜೂಕ ಬರ್ತಾರ ನೋಡ್ರಿ,” ಎಂದು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲೂ ಹೇಳಿಕೊಂಡು ತಿರುಗುತ್ತಿದ್ದಾಳೆ.

ಇವತ್ತು ವಾರ್ಡ್ ಆಫೀಸಿಗೆ ಹೋಗಿ ನನ್ನ ವಿರೋಧ ಹಿಂತೆಗೆದುಕೊಂಡೆ. ನನ್ನ ಹೊಟ್ಟೆಕಿಚ್ಚಿಗೆ ಉಳಿದವರು ಯಾಕೆ ಸೋರುವ ಸೂರಿನ ಕೆಳಗಿರಬೇಕು?

ನಿಮ್ಮ ಶರ್ಟು ಹೊಲಿದಾಗಿದೆ. ಆಕೆಯ ಕೈಯಲ್ಲಿ ತರಿಸಿಕೊಳ್ಳಬೇಡಿ, ನೀವೇ ಬನ್ನಿ. ಪಾರ್ಲರಿನ ಪಕ್ಕದ ಆ ಜಾಗ ಆಕೆ ಹಟ ಮಾಡಿ ಕೊಡಿಸಿದ್ದಾದರೆ ನನಗೆ ಹೇಳಿ. ನೀವೇ ಕೇಳಿ ಪಡೆದದ್ದಾದರೆ ಏನೂ ಹೇಳಬೇಡಿ, ಶರ್ಟು ತೆಗೆದುಕೊಂಡು ಹೋಗಿ.

ಸದ್ಯಕ್ಕೆ ಪಕ್ಕದ ಅಂಗಡಿಯವಳು,
ನೀಲವ್ವ