ಸೋಮವಾರದ ಗುಳಿಗೆ

ಗದಗ, ಫೆಬ್ರವರಿ ಮೂವತ್ತೊಂದು, ೨೨೩೮

ಶಕುಂತಲಾ ಬಾಳಿಕಾಯಿ ಅವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ಬೇರೆ ತಿಂಗಳುಗಳಿಂದ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಕ್ಷಮೆ ಪದಗಳಿಗೆ ಮಾತ್ರ, ಅವುಗಳ ಹಿಂದಿರುವ ಸಿಟ್ಟಿಗಲ್ಲ. ನಾನು ಕಸ್ತೂರಿ. ನಿಮ್ಮ ಕಾಲ ಮುಗಿದು ಏಳು ತಲೆಮಾರು ಕಳೆದ ಮೇಲೆ ನಿಮ್ಮ ಮನೆಗೆ ಸೊಸೆಯಾಗಿ ಬಂದವಳು. ನಿಮ್ಮ ರಕ್ತ ನನ್ನ ಮೈಯಲ್ಲಿ ಒಂದು ಹನಿಯೂ ಇಲ್ಲ, ಆದ್ದರಿಂದ ನಿಮ್ಮನ್ನು ಬೈಯಲು ನನಗೆ ಸಂಕೋಚವೂ ಇಲ್ಲ. ಆದರೆ ನನ್ನ ಮಗಳು ತುಂಗಾಳ ಮೈಯಲ್ಲಿ ಅದು ಹರಿಯುತ್ತಿದೆ, ನನ್ನ ಕರ್ಮ.

ಈ ಕಾಗದಕ್ಕೆ ಹಿಂದೋಲೆ ಎನ್ನುತ್ತಾರೆ. ತೀರಿಹೋದವರೊಬ್ಬರಿಗೆ, ಅವರು ಬದುಕಿದ್ದ ದಿನಕ್ಕೆ ಹೋಗಿ ಮುಟ್ಟುವ ಓಲೆ. ಜನ್ಮಕ್ಕೆ ಒಂದೇ ಸಲ ಬರೆಯಲು ಬಿಡುತ್ತಾರೆ. ಸಾಮಾನ್ಯವಾಗಿ ಜನ ಅದನ್ನು ಸತ್ತ ತಾಯಿಗೆ ಬರೆಯುತ್ತಾರೆ. ನಾನೂ ನನ್ನ ಅವ್ವನಿಗೆಂದು ಎತ್ತಿಟ್ಟುಕೊಂಡಿದ್ದೆ. ಅವಳು ಹೋಗುವಾಗ ನಾನು ಊರಲ್ಲಿರಲಿಲ್ಲ. ಈಗ ಅದನ್ನು ನಿಮ್ಮ ಮೇಲೆ ಸುರಿಯಬೇಕಾಗಿ ಬಂದಿದೆ. ಹೊಟ್ಟೆ ಉರಿಯುತ್ತದೆ.

ನಮ್ಮ ಲೋಕವನ್ನು ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ನೀವು ಮಾಡಿದ್ದರ ತೂಕ ನಿಮಗೆ ತಿಳಿಯುವುದಿಲ್ಲ. ಸಣ್ಣಗಾಗಲೆಂದು ಹುಬ್ಬಳ್ಳಿಯಲ್ಲಿ ನೀವು ಗುಟ್ಟಾಗಿ ಮಾಡಿಸಿಕೊಂಡ ಹೊಟ್ಟೆಯ ಆಪರೇಷನ್ ಇಲ್ಲಿ ಎಲ್ಲರಿಗೂ ಆಗುತ್ತದೆ. ಊರಿಗೆಲ್ಲ ಸಾಲುವಷ್ಟು ಅನ್ನ ಇಲ್ಲವಾದಾಗ ಸರ್ಕಾರ ಹೊಟ್ಟೆಗಳನ್ನೇ ಚಿಕ್ಕದು ಮಾಡಿತು. ಅದಕ್ಕೆ ಕತ್ತರಿಶಾಸ್ತ್ರ ಎಂದು ಹೆಸರು. ಮದುವೆಯಂತೆ ಕಾರ್ಡು ಹಂಚಿ, ಆರತಿ ಬೆಳಗಿ ಕಳಿಸುತ್ತಾರೆ. ಹಿಂದಿನ ದಿನ ತುಂಬೂಟ, ಎಂದರೆ ಬದುಕಿನಲ್ಲಿ ಕೊನೆಯ ಸಲ ಹೊಟ್ಟೆ ತುಂಬ ಉಣ್ಣುವುದು: ಕಡಕ್ ರೊಟ್ಟಿ, ಎಣ್ಣೆಗಾಯಿ, ತುಪ್ಪ ಮುಳುಗಿಸಿದ ಹೋಳಿಗೆ. ಅದಾದ ಮೇಲೆ ಮದುವೆಮನೆಯ ಊಟವೂ ಒಂದು ವೀಳ್ಯದೆಲೆಯಲ್ಲಿ ಹಿಡಿಯುತ್ತದೆ. ಅಷ್ಟು ಅನ್ನದಲ್ಲಿ, ಅಂಥ ಹೊಟ್ಟೆಯಲ್ಲಿ, ಮೈಗೆ ಬೇಕಾದದ್ದು ಮೈಗೆ ದಕ್ಕುವುದಿಲ್ಲವಾದ್ದರಿಂದ ಸಾಯುವತನಕ ಗುಳಿಗೆ. ಬೆಳಿಗ್ಗೆ ಕಬ್ಬಿಣದ ಗುಳಿಗೆಗೆ ಊರಿಗೆಲ್ಲ ಕೇಳುವಂತೆ ಕಬ್ಬಿಣಗಂಟೆ ಬಾರಿಸುತ್ತಾರೆ, ಮಧ್ಯಾಹ್ನ ಕ್ಯಾಲ್ಸಿಯಂ ಗುಳಿಗೆಗೆ ಸುಣ್ಣಗಂಟೆ. ಕಬ್ಬಿಣವೂ ಸುಣ್ಣವೂ ಹೊಟ್ಟೆಯಲ್ಲಿ ನೆಗೆಣ್ಣಿಯರು. ಒಟ್ಟಿಗೆ ಒಳಗೆ ಹೋದರೆ ಒಬ್ಬಳು ಇನ್ನೊಬ್ಬಳನ್ನು ಮನೆಯೊಳಗೆ ಕಾಲಿಡಗೊಡುವುದಿಲ್ಲ. ಚಹಾ ಕಬ್ಬಿಣಕ್ಕೆ ಶತ್ರು, ಆದ್ದರಿಂದ ಆ ಗಂಟೆಯ ಹೊತ್ತಿಗೆ ಯಾವನಾದರೂ ಚಹಾದಂಗಡಿಯವನು ಒಲೆ ಹಚ್ಚಿದರೆ ಓಣಿಯ ಹೆಂಗಸರು ಅವನ ಕಿಟ್ಲಿ ಕಸಿದು ಚರಂಡಿಗೆ ಸುರಿಯುತ್ತಾರೆ. ತಿಂಗಳಿಗೊಮ್ಮೆ ನರಗಳಿಗಾಗಿ ಕೆಂಪುಸೂಜಿ. ಔಷಧದ ಬಣ್ಣ ಕೆಂಪು, ಅದಕ್ಕೆ ಆ ಹೆಸರು. ಕುಡುಕರು, ಕಳ್ಳರು, ದೇವರನ್ನು ನಂಬದವರು, ಎಲ್ಲರೂ ತಪ್ಪದೆ ಸಾಲಿನಲ್ಲಿ ನಿಂತು ಹಾಕಿಸಿಕೊಳ್ಳುತ್ತಾರೆ. ಊರಲ್ಲಿ ಹಾಕಿಸಿಕೊಳ್ಳದ ಮನೆ ಒಂದೇ, ಬಾಳಿಕಾಯಿಯವರದು.

ಏಕೆ ಎಂದು ನಾನು ಮದುವೆಯಾಗಿ ಬಂದ ವಾರದಲ್ಲೇ ಕೇಳಿದೆ. ಅತ್ತೆ ಅಂಬಕ್ಕ ಹೆಮ್ಮೆಯಿಂದ ಕುಣಿದುಕೊಂಡು ಹೇಳಿದರು: “ನಮ್ಮ ಶಕುಂತಲಜ್ಜಿ ಭಾಳ ಗಟ್ಟಿ ಹೆಣಮಗಳು. ಆಪರೇಷನ್ ಆದದ್ದು ಮನಿ ಮಂದಿ ಬಿಟ್ರ ಯಾರಿಗೂ ಗೊತ್ತಿರ್ಲಿಲ್ಲ. ಹೆಂಗ್ ಇಳದೀರಿ ಅಂತ ಭಜನಿ ಮಂದಿ ಕೇಳಿದ್ರ, ಸೋಮವಾರ ಹಿಡದೀನಿ, ಶಿವಾ ಇಳಿಸ್ಯಾನ ಅಂತಿದ್ಲು. ಒಂದ್ ಶ್ರಾವಣ ಸೋಮವಾರ ಅವರ ಮುಂದ ಸೊಸಿ ಗುಳಿಗಿ ತಂದಿಟ್ಲಂತ. ಅಜ್ಜಿ, ಒಯ್ಯಿ ಆ ಕಡೆ! ಉಪವಾಸ ಅಂದ್ರ ಉಪವಾಸ, ಗುಳಿಗಿನೂ ಹೊಟ್ಟಿಗೇ ಹೋಗೂದಲ್ಲ? ಅಂದ್ಲಂತ. ಅವತ್ತಿಂದ ನಮ್ಮ ಮನ್ಯಾಗ ಉಪವಾಸದ ದಿನ ಗುಳಿಗಿ ಮುಟ್ಟಂಗಿಲ್ಲ.”

ಭಲೆ! ಆ ದಿನ ನಿಮ್ಮ ಉಪವಾಸಕ್ಕೆ ಸಾಬೂದಾಣಿ ಖಿಚಡಿ ನಡೆಯಿತು. ಹುರಿದ ಶೇಂಗಾ ನಡೆಯಿತು, ಬಾಳೆಹಣ್ಣು ನಡೆಯಿತು, ಎರಡು ಕಪ್ಪು ಚಹಾ ನಡೆಯಿತು. ನಡೆಯದೆ ಹೋದದ್ದು ಉಗುರಿನಷ್ಟು ಗುಳಿಗೆ. ನಾಲ್ಕು ಜನ “ಚಾಕು ಹಾಕಿಸಿಕೊಂಡು ಸಣ್ಣಗಾದಳು” ಎಂದಾರೆಂಬ ಅಂಜಿಕೆಗೆ ನೀವು ಶಿವನ ಹೆಸರು ಹೇಳಿದಿರಿ. ಅಂಜಿಕೆಯನ್ನು ವ್ರತ ಮಾಡಿದಿರಿ, ನಿಮ್ಮ ಸೊಸೆ ಅದನ್ನು ನಂಬಿದಳು, ಅವಳ ಸೊಸೆ ಅದಕ್ಕೆ ಕುಂಕುಮ ಹಚ್ಚಿದಳು. ನಂತರ ಬಂದವರು ಒಬ್ಬರಿಗಿಂತ ಒಬ್ಬರು ಮೇಲಾಗಬೇಕೆಂದು ದಿನ ಸೇರಿಸುತ್ತ ಹೋದರು: ಇಡೀ ಶ್ರಾವಣ, ನವರಾತ್ರಿ, ಕಾರ್ತಿಕ, ಧನುರ್ಮಾಸ, ಶಿವರಾತ್ರಿಯಿಂದ ಯುಗಾದಿತನಕ. ಸೂಜಿಯಲ್ಲೂ ಆಹಾರವಿದೆ ಎಂದು ಯಾರೋ ಜಾಣೆ ಅದನ್ನೂ ವರ್ಷವಿಡೀ ನಿಲ್ಲಿಸಿದಳು. ನಾನು ಇದಕ್ಕೆ ಸೇರಲಿಲ್ಲ, ಗಂಟೆ ಬಾರಿಸಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರೂ ನೋಡುವಂತೆ ನುಂಗುತ್ತೇನೆ. ಅದಕ್ಕಾಗಿ ದೇವರಮನೆಗೆ ನನಗೆ ಪ್ರವೇಶವಿಲ್ಲ.

ಇನ್ನೂ ಹೇಸಿಗೆಯ ಸಂಗತಿ ಕೇಳಿ. ನರ ಒಣಗತೊಡಗಿದಾಗ ಪಾದ ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ. ಊರಿನ ಚಿಕ್ಕ ಮಗುವಿಗೂ ಗೊತ್ತಿರುವ ರೋಗ ಇದು. ನಿಮ್ಮ ಮನೆಯಲ್ಲಿ ಮಾತ್ರ ಇದಕ್ಕೆ “ಅಜ್ಜಿ ಬಂದಳು” ಎನ್ನುತ್ತಾರೆ. ಕಾಲು ಮರಗಟ್ಟಿದವಳ ಪಾದದಲ್ಲಿ ನೀವು ಬಂದು ಕೂತಿದ್ದೀರಂತೆ! ಆ ಹೆಣ್ಣಿನ ಪಾದಕ್ಕೆ ಅರಿಶಿನ ಹಚ್ಚಿ, ಕಾಯಿ ಒಡೆದು, ಸಾಲಾಗಿ ನಮಸ್ಕಾರ ಮಾಡುತ್ತಾರೆ. ನೀವು ಕೊನೆಗೆ ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದದ್ದಕ್ಕೆ ಇಟ್ಟ ಹೆಸರು, “ಅಜ್ಜಿ ತಪಸ್ಸಿಗೆ ಕೂತಳು.” ಹಾಸಿಗೆಯಲ್ಲಿ ಮಲಗಿ ನೀವು ಏನೆಂದುಕೊಂಡಿರೋ ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ.

ತುಂಗಾಳಿಗೆ ಇಪ್ಪತ್ತಾರು. ಕಪ್ಪತಗುಡ್ಡದ ಮೇಲಿನ ಗಾಳಿಕಂಬಗಳನ್ನು ಹತ್ತಿ, ರೆಕ್ಕೆ ರಿಪೇರಿ ಮಾಡುವುದು ಅವಳ ಕೆಲಸ. ಚಿಕ್ಕಂದಿನಲ್ಲಿ ಬೇವಿನ ಮರದಿಂದ ಇಳಿಸಲು ನಾನು ಕೋಲು ಹಿಡಿದು ನಿಲ್ಲಬೇಕಿತ್ತು, ಅಂಥವಳು. ಹೋದ ತಿಂಗಳು ಕೆಲಸ ಮುಗಿಸಿ ಬಂದಳು. ಪಡಸಾಲೆಯ ತುಂಬ ರಕ್ತದ ಹೆಜ್ಜೆ. ಬೂಟಿನ ಅಡಿಯಿಂದ ಒಂದು ಮೊಳೆ ಒಳಗೆ ಹೋಗಿ ಪಾದದಲ್ಲಿ ನೆಟ್ಟಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ಕೂಗಿಕೊಂಡೆ. ಅಂಬಕ್ಕ ಓಡಿ ಬಂದು ನೋಡಿ, ಕೈಮುಗಿದು, “ಅಜ್ಜಿ ಬಂದಾಳ! ನಮ್ಮ ತುಂಗಿ ಪುಣ್ಯಾ ಮಾಡ್ಯಾಳ!” ಎಂದು ಅರಿಶಿನದ ಬಟ್ಟಲು ತಂದರು. ಮೊಳೆ ಇನ್ನೂ ಕಾಲಲ್ಲೇ ಇತ್ತು. ನನ್ನ ಮಗಳ ಮುಖದಲ್ಲಿ ಆಗ ಬಂದ ಬೆಳಕನ್ನು ಕಂಡು ನಾನು ನಿಮ್ಮನ್ನು ಜೋರಾಗಿ, ಹೆಸರು ಹಿಡಿದು, ಬಾಯಿಗೆ ಬಂದಂತೆ ಬೈದೆ. ಆ ಮಾತುಗಳನ್ನು ಹಿಂದೋಲೆಯಲ್ಲಿ ಬರೆಯಲು ಬಿಡುವುದಿಲ್ಲ.

ಡಾಕ್ಟರು ಬಂದು ಕಾಲಿಗೆ ಸೂಜಿಮೊನೆ ಒತ್ತಿ ನೋಡಿದರು. ತುಂಗಾ ನಗುತ್ತ ಕೂತಿದ್ದಳು. ಅವರು ನನ್ನನ್ನು ಅಂಗಳಕ್ಕೆ ಕರೆದು, “ಈಗ ಕೆಂಪುಸೂಜಿ ಚಾಲೂ ಮಾಡಿದ್ರ ಕಾಲು ಉಳೀತಾವ ನೋಡ್ರಿ. ವ್ರತ, ವ್ರತ ಅಂತ ಯುಗಾದಿತನಕ ಕುಂತ್ರ ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ. ಆದ್ರ ಆಕಿ ಹೂಂ ಅನ್ನದ ನಾ ಚುಚ್ಚಂಗಿಲ್ಲರಿ” ಎಂದರು. ನಾನು ಮಗಳ ಕಾಲು ಹಿಡಿದೆ, ಅವಳಿಗೆ ತಿಳಿಯದ ಆ ಕಾಲನ್ನೇ. ಅವಳು ಹೇಳಿದ್ದು ಇಷ್ಟು: “ಶಕುಂತಲಜ್ಜಿ ತಾನ ಹೇಳ್ಲಿ ಬೇ, ಈಗಿಂದೀಗ ಹಾಕಿಸ್ಕೋತೀನಿ. ನೀ ಹೊರಗಿನಾಕಿ, ನಿನಗೇನ್ ತಿಳೀತೈತಿ?”

ಹೊರಗಿನಾಕಿ! ಹೊತ್ತು ಹೆತ್ತವಳು ಹೊರಗಿನವಳು, ಭಜನೆಯ ಮಂದಿಗೆ ಅಂಜಿ ಸುಳ್ಳು ಹೇಳಿದ ನೀವು ಒಳಗಿನವರು.

ಆದ್ದರಿಂದ ಕಿವಿಗೊಟ್ಟು ಕೇಳಿ. ಈ ಓಲೆ ಆ ಶ್ರಾವಣ ಸೋಮವಾರದ ಬೆಳಿಗ್ಗೆಯೇ ನಿಮ್ಮ ಕೈಸೇರುತ್ತದೆ. ಸಂಜೆ ಮಂದಿ ಬಂದು ಕೂರುತ್ತಾರೆ, ಸೊಸೆ ಗುಳಿಗೆ, ನೀರಿನ ಲೋಟ ತಂದಿಡುತ್ತಾಳೆ. ಅವರೆಲ್ಲರ ಮುಂದೆ ನುಂಗಿ. “ಆಪರೇಷನ್ ಮಾಡಿಸೀನಿ, ಇದು ಊಟ ಅಲ್ಲ, ಇದನ್ನ ಬಿಟ್ರ ಕಾಲು ಹೋಗ್ತಾವ” ಎಂದು ನಿಮ್ಮ ಬಾಯಿಂದಲೇ ಗಟ್ಟಿಯಾಗಿ ಹೇಳಿ. ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ, ಆಡುವವರ ಬಾಯಿಗೆ ಬೀಗ ಹಾಕಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ದಪ್ಪಗಿದ್ದಾಗ ಅದೇ ಮಂದಿ ನಿಮ್ಮನ್ನು ಏನೇನು ಅಂದಿರಬಹುದೆಂದು ನನಗೆ ತಿಳಿಯದೆ ಇಲ್ಲ. ಒಂದು ಗಳಿಗೆ ಕನಿಕರವೂ ಬರುತ್ತದೆ, ಮರುಗಳಿಗೆ ಆ ಮೊಳೆ ಕಣ್ಣಿಗೆ ಬರುತ್ತದೆ.

ಓಲೆ ತಲುಪಿದರೆ ಇಲ್ಲಿ ಏನು ಬದಲಾಗುತ್ತದೆಂದು ಯಾರೂ ಖಾತ್ರಿ ಕೊಡುವುದಿಲ್ಲ. ಕೆಲವರ ಮನೆಯಲ್ಲಿ ಬೆಳಗಾಗುವುದರೊಳಗೆ ಎಲ್ಲ ಬೇರೆಯಾಗಿದೆ, ಕೆಲವರಿಗೆ ಏನೂ ಆಗಿಲ್ಲ. ನಿಮ್ಮ ಮೇಲೆ ನನಗೆ ನಂಬಿಕೆಯಿಲ್ಲ, ಆದ್ದರಿಂದ ನಾನು ಸೂಜಿ ಚುಚ್ಚುವುದನ್ನು ಕಲಿತಿದ್ದೇನೆ. ಮೋಸಂಬಿ ಹಣ್ಣಿನ ಮೇಲೆ ಕೈ ಪಳಗಿಸಿಕೊಂಡೆ. ಬರುವ ಸೋಮವಾರ ನನ್ನ ತಮ್ಮಂದಿರಿಬ್ಬರೂ ಬರುತ್ತಾರೆ. ಅವರು ಅವಳನ್ನು ಹಿಡಿಯುತ್ತಾರೆ, ನಾನು ಚುಚ್ಚುತ್ತೇನೆ. ಒಮ್ಮೆ ಕೆಟ್ಟ ವ್ರತವನ್ನು ಮತ್ತೆ ಹಿಡಿಯುವಂತಿಲ್ಲ ಎಂಬುದು ನಿಮ್ಮ ಮನೆಯದೇ ನಿಯಮ, ಹಾಗಾಗಿ ಉಳಿದ ಸೂಜಿಗಳಿಗೆ ಅವಳು ತಾನೇ ಡಾಕ್ಟರ ಬಳಿ ಹೋಗಬಹುದು. ನನ್ನ ಉದ್ದೇಶದ ವಾಸನೆ ಅವಳಿಗೆ ಬಡಿದಿದೆ. ನಿನ್ನೆ ಗೋಡೆ ಹಿಡಿದುಕೊಂಡು ನನ್ನೆದುರು ನಿಂತು, “ನನ್ನ ವ್ರತ ಕೆಡಿಸಿದ್ರ ಈ ಮನಿ ಬಿಟ್ಟು ಹೋಗ್ತೀನಿ, ಸಾಯೂತನಕ ನಿನ್ನ ಮಾರಿ ನೋಡಂಗಿಲ್ಲ” ಎಂದಳು.

ಆಡಿದ್ದನ್ನು ಮಾಡುವವಳು ಅವಳು. ಹೋಗೇ ಹೋಗುತ್ತಾಳೆ.

ಹೋಗಲಿ. ನಡೆದುಕೊಂಡು ಹೋಗಲಿ.

ಕಸ್ತೂರಿ