ಒಂದು ನಿಮಿಷ ಉಸಿರು ಹಿಡಿದದ್ದು

ಮಾರ್ಚ್ ೯, ಶನಿವಾರ

ಆ ಸೀಟಿ ಇನ್ನೂ ಕಿವಿಯಿಂದ ಹೋಗಿಲ್ಲ.

ಅಕ್ಕನ ಬ್ಯಾಂಡ್ ಇವತ್ತು ಒಂದು ಬೇಕರಿಯ ನೆಲಮಾಳಿಗೆಯಲ್ಲಿ ನುಡಿಸಿತು. ಮೂವತ್ತು ಜನಕ್ಕೇ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಗಿಟಾರನ್ನು ಚಮಚದಿಂದ ಕೆರೆಯುತ್ತಾಳೆ. ನನಗೆ ಮಿಕ್ಸಿ ಕೆಟ್ಟ ಹಾಗೆ ಕೇಳುತ್ತದೆ, ಅವಳೆದುರು ಹಾಗೆನ್ನುವ ಧೈರ್ಯವಿಲ್ಲ.

ಕೊನೆಯಲ್ಲಿ ಅಂದಳು, "ಎಲ್ರೂ ಒಂದು ನಿಮಿಷ ಉಸಿರು ಹಿಡ್ಕೊಳ್ಳಿ. ಈ ಮೌನಾನ ರೆಕಾರ್ಡ್ ಮಾಡಿ, ದೊಡ್ಡದಾಗಿ ನಿಮಗೇ ಕೇಳಿಸ್ತೀವಿ."

ಕೇಳಿಸಿದರು. ಗೋಡೆಯ ಗುಂಯ್ ಸದ್ದು, ಯಾರದೋ ಹೊಟ್ಟೆಯ ಗುರುಗುರು. ನಡುವೆ ಒಂದು ಉಸಿರು, ನಿಧಾನವಾಗಿ, ಪ್ರತಿ ಸಲ ಕೊನೆಗೊಂದು ಸಣ್ಣ ಸೀಟಿ. ಅಪ್ಪನದು. ಮೂರು ವರ್ಷದ ಹಿಂದೆ ನಾನು ಕೆಲಸ ಮಾಡುವ ವಾರ್ಡಿನಲ್ಲೇ ನಿಂತುಹೋದ ಉಸಿರು. ಅಕ್ಕನ ಕೈಯಿಂದ ಚಮಚ ಬಿತ್ತು.

ಹೊರಗೆ ಬಂದು ನನ್ನನ್ನು ತಬ್ಬಿ ಅತ್ತಳು. "ಅಪ್ಪ ಬಂದಿದ್ರು ಕಣೇ. ಬದುಕಿದ್ದಾಗ ಒಂದು ಸಲಾನೂ ಬರ್ಲಿಲ್ಲ, ಇವತ್ತು ಬಂದ್ರಲ್ಲ."

ಬಸ್ಸಿನಲ್ಲಿ ನನಗೆ ಹೊಳೆಯಿತು. ನರ್ಸಿನ ಗುಣ ಸುಟ್ಟರೂ ಹೋಗದು. ಎಲ್ಲರೂ ಉಸಿರು ಹಿಡಿದಾಗ ನಾನು ರೋಗಿಗಳನ್ನು ನೋಡುವಂತೆ, ವಾಚು ನೋಡುತ್ತ ಅವರ ಎದೆಗಳನ್ನೇ ಗಮನಿಸುತ್ತ ನಿಂತಿದ್ದೆ. ನನ್ನ ಉಸಿರು ಹಿಡಿಯುವುದನ್ನೇ ಮರೆತಿದ್ದೆ.

ಮನೆಗೆ ಬಂದವಳೇ ಸ್ಟೆತಾಸ್ಕೋಪನ್ನು ನನ್ನ ಎದೆಗೇ ಇಟ್ಟುಕೊಂಡೆ. ಎಡಗಡೆ ಕೆಳಗೆ, ಉಸಿರಿನ ಕೊನೆಗೆ, ಅದೇ ಸಣ್ಣ ಸೀಟಿ. ಅಪ್ಪ.

ಅಕ್ಕ ಈಗಷ್ಟೇ ಮೆಸೇಜು ಹಾಕಿದ್ದಾಳೆ. ಆ ರೆಕಾರ್ಡಿಂಗನ್ನು ಇನ್ನು ಪ್ರತಿ ಶೋನಲ್ಲೂ ಹಾಕುತ್ತಾಳಂತೆ. ಹಾಕು ಎಂದು ಉತ್ತರ ಬರೆದೆ. ಬರೆಯುವಾಗಲೂ ಕೇಳಿಸುತ್ತಿದೆ, ಅಪ್ಪ ಪಕ್ಕದಲ್ಲೇ ಕೂತು ಉಸಿರಾಡುತ್ತಿರುವ ಹಾಗೆ.