ಇನ್ನೊಂದು ನೀಲಗಿರಿ

ಅಕ್ಕಾ,

ನಾನು ಹುಟ್ಟುವ ಮೊದಲೇ ನೀನು ತೀರಿಕೊಂಡೆ. ಶಿವಕಾಂತಾ ಎಂಬ ನಿನ್ನ ಹೆಸರನ್ನೇ ನನಗಿಟ್ಟರು.

ಇಂದು ಅಫಜಲಪುರದ ಮನೆಯಲ್ಲಿ ಅಪ್ಪನ ಜೊತೆ ಟಿ.ವಿ. ನೋಡುತ್ತಿದ್ದೆ. ನೌಕಾಪಡೆಗೆ ‘ನೀಲಗಿರಿ’ ಎಂಬ ಹೊಸ ಯುದ್ಧನೌಕೆ ಸೇರಿತು. ಪ್ರಾಯದಲ್ಲಿ ಅಪ್ಪ ದುಡಿದದ್ದು ಅದೇ ಹೆಸರಿನ ಹಳೆಯ ನೌಕೆಯಲ್ಲಿ. ಅದಕ್ಕೆ ವಯಸ್ಸಾದ ಮೇಲೆ ಕ್ಷಿಪಣಿ ಪರೀಕ್ಷೆಗೆ ಗುರಿಯಾಗಿಟ್ಟು ಮುಳುಗಿಸಿದ್ದರು.

“ನಿನ್ನ ಹಡಗ ಮತ್ತ ಬಂತಲ್ಲಪ್ಪಾ,” ಎಂದೆ.

“ಹೆಸರ ಬಂದದ ಯವ್ವಾ. ನನ್ನ ಹಡಗ ನೀರಾಗೇ ಅದ,” ಎಂದು ಅಪ್ಪ ಕಣ್ಣೊರೆಸಿಕೊಂಡ.

ನಮ್ಮಿಬ್ಬರ ಹೆಸರಿನ ಬಗ್ಗೆಯೂ ಒಂದು ಮಾತು ಕೇಳಬೇಕೆನಿಸಿತು. ಕೇಳದೆ ಚಹಾ ಇಡಲು ಒಳಗೆ ಹೋದೆ.

“ಶಿವಕಾಂತಾ…” ಎಂದು ಅಪ್ಪ ಕರೆದ. ಅಷ್ಟು ಮೆತ್ತಗಿನ ದನಿಯಲ್ಲಿ ನನ್ನನ್ನು ಎಂದೂ ಕರೆದಿರಲಿಲ್ಲ. ನೀನು ಓಗೊಡಲೆಂದು ಒಂದು ಗಳಿಗೆ ಸುಮ್ಮನಿದ್ದೆ. ಆಮೇಲೆ, “ಬಂದ್ನೆಪ್ಪಾ,” ಎಂದೆ.